ಮುಂದಕ್ಕೆ ಎಳೆದ ಸೀಟು

ಫೆಬ್ರವರಿ ೩, ಸೋಮವಾರ

ಹಿಂದಿನ ಶೆಡ್ಡಿನ ಮಾಡಿಗೆ ಹೊಸ ಶೀಟು ಹಾಕಿಸದೆ ವಿಧಿಯಿಲ್ಲ. ಶೀಟು ಹಾಕುವವನು ಬಂದು, ಏಣಿ ಹತ್ತಿ ಇಳಿದು, ಕೈ ಕೊಡವಿಕೊಂಡು ಹೇಳಿದ: "ಮೊದಲು ಒಳಗಿರೋ ಗಾಡಿ ತೆಗೆಸಿ ಟೀಚರ್, ಆಮೇಲೆ ನನ್ನ ಕರೀರಿ. ಅದರ ಮೇಲೆ ನಿಂತು ಕೆಲಸ ಮಾಡೋಕಾಗಲ್ಲ, ಕೆಳಗಂತೂ ಆಗೋದೇ ಇಲ್ಲ." ಅವನಿಗೆ ಬಿಡುವಿರುವುದು ಮುಂದಿನ ತಿಂಗಳ ಮೊದಲಲ್ಲಿ. ಅಷ್ಟರೊಳಗೆ ನಮ್ಮವರ ಪಿಕಪ್ ವಾಹನ ಅಲ್ಲಿಂದ ಹೊರಡಬೇಕು. ಒಂದೋ ದುರಸ್ತಿಯಾಗಿ ತನ್ನ ಚಕ್ರಗಳ ಮೇಲೆ, ಇಲ್ಲವೇ ಗುಜರಿಗೆ.

ವರ್ಷದಿಂದ ಈ ನಿರ್ಧಾರವನ್ನು ಮುಂದೂಡುತ್ತ ಬಂದಿದ್ದೇನೆ. ನಮ್ಮವರು ತೀರಿಕೊಂಡ ಮೇಲೆ ಅವರ ಉಳಿ, ಗರಗಸ, ಕೀಸುಳಿಗಳನ್ನು ಮರಗೆಲಸ ಕಲಿಸುವ ಶಾಲೆಗೆ ಕೊಟ್ಟೆ. ವಾಹನವನ್ನು ಮಾತ್ರ ಮುಟ್ಟಲಿಲ್ಲ. ಅವರು ಮಾಡಿದ ಬೆಂಚು, ಮೇಜು, ಕಪಾಟುಗಳೆಲ್ಲ ಅದರ ಬೆನ್ನೇರಿಯೇ ಮನೆಮನೆ ಸೇರಿದ್ದು. ನನ್ನ ಶಾಲೆಗೆ ಬೆಂಚು ಇಳಿಸಲು ಬಂದ ದಿನವೇ ನಾನು ಅವರನ್ನು ಮೊದಲು ಕಂಡದ್ದು. ದುಂಡು ದೀಪ, ಉಬ್ಬಿದ ಮುಂಭಾಗ, ಹಿಂದೆ ಅವರೇ ಹಲಗೆ ಜೋಡಿಸಿ ಮಾಡಿದ ತೊಟ್ಟಿ. ಇಂಥ ವಾಹನ ಈಗ ರಸ್ತೆಯಲ್ಲಿ ಕಾಣಸಿಗುವುದಿಲ್ಲ. ದುರಸ್ತಿ ಮಾಡಿಸಬೇಕೆಂದೇ ನನ್ನ ಮನಸ್ಸು.

ಸಂಜೆ ತಂಗಿ ಬಂದಿದ್ದಳು. ಎರಡು ಬೀದಿ ಆಚೆ ಒಬ್ಬಳೇ ಇದ್ದುಕೊಂಡು ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಎತ್ತರದಲ್ಲಿ ನನ್ನ ಭುಜಕ್ಕೂ ಬಾರದವಳು. ನಮ್ಮವರು ಅವಳನ್ನು 'ಗುಬ್ಬಿ' ಎನ್ನುತ್ತಿದ್ದರು. ಮನುಷ್ಯರಿಗೆ ಹಕ್ಕಿಯ ಹೆಸರಿಡುವುದು ನನಗೆ ಹಿಡಿಸದು.

"ಮಾರಿಬಿಡಕ್ಕ," ಎಂದಳು, ಚಪ್ಪಲಿ ಬಿಡುವ ಮೊದಲೇ. "ತುಕ್ಕು ಹಿಡಿದ ತಗಡು. ಯಾರು ಓಡಿಸ್ತಾರೆ ಅದನ್ನ? ನೀನಾ, ನಾನಾ?"

"ಪ್ರಶ್ನೆ ಅದಲ್ಲ," ಎಂದೆ.

"ಹೂಂ, ಪ್ರಶ್ನೇನೂ ನೀನೇ ಕೇಳಬೇಕು, ಉತ್ತರಾನೂ ನೀನೇ ಹೇಳಬೇಕು."

ಅವಳ ಮಾತೇ ಹಾಗೆ. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಫೆಬ್ರವರಿ ೫, ಬುಧವಾರ

ಮೆಕ್ಯಾನಿಕ್ ಬಂದ. ನನ್ನ ಹಳೆಯ ವಿದ್ಯಾರ್ಥಿ. ಹೊಟ್ಟೆ ಬಂದಿದೆ, ದನಿ ಹಾಗೆಯೇ ಇದೆ. ತರಗತಿಯಲ್ಲಿ ಎಲ್ಲರೂ ಅವನನ್ನು 'ಗುಡುಗು' ಎನ್ನುತ್ತಿದ್ದರು. ಅವನು ಪಿಸುಗುಟ್ಟಿದರೂ ಪಕ್ಕದ ಕೋಣೆಯ ಪಾಠ ನಿಲ್ಲುತ್ತಿತ್ತು. ಬಾನೆಟ್ ಎತ್ತಿ ಬಹಳ ಹೊತ್ತು ಇಣುಕಿದ.

"ಹೇಗಿದೆ?"

"ಇದೆ ಟೀಚರ್."

"ಇರುವುದು ನನಗೂ ಕಾಣುತ್ತಿದೆ. ಸ್ಥಿತಿ ಹೇಗಿದೆ?"

"ಎಂಜಿನ್ನು ಕಲ್ಲು ಟೀಚರ್, ಏನೂ ಆಗಿಲ್ಲ. ಬಾಡಿ ಜರಡಿ. ವೈರೆಲ್ಲ ಇಲಿ ತಿಂದಿದೆ. ಬ್ರೇಕ್ ಪೈಪು ಮುಟ್ಟಿದ್ರೆ ಪುಡಿ. ಸುಮ್ನೆ ನಿಮಗ್ಯಾಕೆ ಈ ತಲೆನೋವು? ಗುಜರಿಯವನಿಗೆ ಕೊಟ್ಟು ಆರಾಮಾಗಿರಿ."

ಕೈಗೆ ಬಂದ ಕೆಲಸವನ್ನು ಬೇಡವೆನ್ನುವ ಮೆಕ್ಯಾನಿಕ್‌ನನ್ನು ಕಂಡದ್ದು ಇದೇ ಮೊದಲು. ಅಷ್ಟರಲ್ಲಿ ತಂಗಿಯೂ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. "ಅಲ್ಲ, ಇದರ ಎಂಜಿನ್ನು ಮುಂದಿರುತ್ತಾ ಹಿಂದಿರುತ್ತಾ?" ಎಂದು ಕೇಳಿದಳು. ಮೆಕ್ಯಾನಿಕ್‌ಗೆ ಏಕೋ ಕೆಮ್ಮು ಹತ್ತಿ, ಗೋಡೆಯ ಕಡೆ ತಿರುಗಿ ನಿಂತ. ಬಾನೆಟ್ ತೆರೆದಿಟ್ಟುಕೊಂಡು ನಿಂತವರ ಮುಂದೆ ಕೇಳುವ ಪ್ರಶ್ನೆಯೇ ಇದು! ಹತ್ತನೆಯ ತರಗತಿಯ ಪರೀಕ್ಷೆಗೆ ಎರಡು ಸಲ ಕೂತೂ ಪಾಸಾಗದವಳು. ಬುದ್ಧಿ ಆಗ ಹೇಗಿತ್ತೋ ಈಗಲೂ ಹಾಗೆಯೇ ಇದೆ.

ಫೆಬ್ರವರಿ ೧೦, ಸೋಮವಾರ

ನಿರ್ಧರಿಸಿದೆ. ದುರಸ್ತಿಯೇ ಸರಿ. ವೈರು, ಬ್ರೇಕಿನಿಂದ ಆರಂಭಿಸು ಎಂದು ಮೆಕ್ಯಾನಿಕ್‌ಗೆ ಹೇಳಿ ಕಳುಹಿಸಿದೆ.

ಕಾರಣವನ್ನು ಬೇರೆಯವರಿಗೆ ವಿವರಿಸುವ ಅಗತ್ಯವಿಲ್ಲವಾದರೂ ನನಗಾಗಿ ಬರೆದಿಟ್ಟುಕೊಳ್ಳುತ್ತೇನೆ. ಹೆಚ್ಚು ಓದದ ಬಡಗಿಯನ್ನು ನಾನು ಮದುವೆಯಾದೆನೆಂದು ಸಹೋದ್ಯೋಗಿಗಳು ಬೆನ್ನ ಹಿಂದೆ ಆಡಿಕೊಂಡದ್ದು ನನಗೆ ಗೊತ್ತು. ಅವರಲ್ಲಿ ಯಾರ ಗಂಡನೂ ದಿನವೂ ಊಟವಾದ ಮೇಲೆ ಕುರ್ಚಿ ಎಳೆದುಕೊಂಡು "ಓದು, ಕೇಳ್ತೀನಿ" ಎಂದು ಹೆಂಡತಿಯ ಮುಂದೆ ಕೂತವನಲ್ಲ. ನಾನು ಮುಖ್ಯೋಪಾಧ್ಯಾಯಿನಿಯಾದ ವರ್ಷ ಆರಂಭವಾದ ಪದ್ಧತಿ ಅದು. ಮೊದಲು ಪತ್ರಿಕೆ, ಆಮೇಲೆ ಕಥೆ, ಕಾದಂಬರಿ. "ನೀವೇ ಓದಿಕೊಳ್ಳಬಹುದಲ್ಲ?" ಎಂದರೆ, "ನಿನ್ನ ಬಾಯಲ್ಲಿ ಕೇಳೋದೇ ಚೆಂದ ಕಣೇ. ಒಂದೊಂದು ಅಕ್ಷರಾನೂ ತೊಳೆದಿಟ್ಟ ಹಾಗಿರುತ್ತೆ" ಎನ್ನುತ್ತಿದ್ದರು. ನನ್ನ ಉಚ್ಚಾರಣೆಗೆ ಸಿಕ್ಕ ಪ್ರಶಸ್ತಿ ಅದೊಂದೇ, ಅದೊಂದು ಸಾಕಿತ್ತು.

ನಾನು ನಿವೃತ್ತಳಾದ ತಿಂಗಳೇ ಅವರೂ ತಮ್ಮ ಮರಗೆಲಸದ ಕಾರ್ಖಾನೆಗೆ ಬೀಗ ಹಾಕಿದರು. "ನಿನಗೆ ರಜಾ ಅಂದಮೇಲೆ ನನಗೂ ರಜಾ," ಎಂದರು. ಕೈ ತುಂಬ ಕೆಲಸವಿದ್ದ ಮನುಷ್ಯ, ನನ್ನ ಜೊತೆಗಿರಬೇಕೆಂದು ಎಲ್ಲವನ್ನೂ ಬಿಟ್ಟರು. ಅಂಥವರ ವಾಹನವನ್ನು ಸುತ್ತಿಗೆಯವರ ಕೈಗೆ ಹೇಗೆ ಕೊಡಲಿ?

ನಾಳಿದ್ದು ಒಳಭಾಗವನ್ನು ನಾನೇ ಒರೆಸಿ ಸ್ವಚ್ಛಮಾಡುತ್ತೇನೆ. ಮೆಕ್ಯಾನಿಕ್‌ನ ಎಣ್ಣೆಗೈ ಸ್ಟೀರಿಂಗಿಗೆ ತಗಲುವ ಮೊದಲೇ ಆ ಕೆಲಸವಾಗಬೇಕು.

ಫೆಬ್ರವರಿ ೧೨, ಬುಧವಾರ

ಇಂದು ಮೊದಲ ಬಾರಿಗೆ ಚಾಲಕನ ಜಾಗದಲ್ಲಿ ಕೂತೆ. ಹಿಂದೊಮ್ಮೆ ಕಲಿಯುತ್ತೇನೆಂದು ಕೇಳಿದ್ದಕ್ಕೆ ನಮ್ಮವರು, "ಈ ಗೇರು ಮೊಂಡು ಕಣೇ. ಸೀಮೆಸುಣ್ಣ ಹಿಡಿಯೋ ಕೈಗೆ ಇದು ಬಗ್ಗಲ್ಲ," ಎಂದಿದ್ದರು. ಮತ್ತೆ ಕೇಳಿರಲಿಲ್ಲ.

ಕೂರಲು ಆಗಲಿಲ್ಲ. ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿಕೊಂಡಿತು. ಉದ್ದನೆಯ ಒಂದೇ ಸೀಟು ಅದು. ಇಡಿಯಾಗಿ ಮುಂದಕ್ಕೆ, ಇನ್ನು ಜಾಗವೇ ಇಲ್ಲವೆಂಬಷ್ಟು ಮುಂದಕ್ಕೆ, ಎಳೆದು ನಿಲ್ಲಿಸಲಾಗಿದೆ. ಹಿಂದೆ ತಳ್ಳಿದೆ, ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿದೆ. ಬಗ್ಗಿ ನೋಡಿದರೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಮೂರಕ್ಕೂ ಮರದ ದಿಮ್ಮಿಗಳನ್ನು ಬೋಲ್ಟು ಹಾಕಿ ಕೂರಿಸಿದೆ, ಕಾಲು ಎಟುಕದವರಿಗಾಗಿ ಮಾಡಿದಂತೆ.

ನಮ್ಮವರು ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಆಳು.

ದಿಮ್ಮಿಗಳ ಅಂಚನ್ನು ಮುಟ್ಟಿ ನೋಡಿದೆ. ಮೂಲೆಗಳನ್ನು ಉರುಟಾಗಿ ತೇಯ್ದು, ಕಾಲು ಜಾರದಂತೆ ಮೇಲೆ ಅಡ್ಡಗೀರು ಕೊರೆಯಲಾಗಿದೆ. ಯಾರ ಕೈಕೆಲಸವೆಂದು ಯಾರನ್ನೂ ಕೇಳಬೇಕಾಗಿಲ್ಲ. ನಾನು ಕೂರುವ ಕುರ್ಚಿಯ ತೋಳಿನ ಮೂಲೆಗಳೂ ಹೀಗೆಯೇ ಇವೆ.

ಫೆಬ್ರವರಿ ೧೩, ಗುರುವಾರ

ಮೆಕ್ಯಾನಿಕ್‌ನನ್ನು ಶೆಡ್ಡಿಗೆ ಕರೆಸಿ ಬಾಗಿಲು ಮುಚ್ಚಿದೆ. ಅವನು ಹಳೆಯ ಟೈರಿನ ಮೇಲೆ ಕುಳಿತ. ನಾನು ನಿಂತೇ ಇದ್ದೆ.

"ಈ ಪೆಡಲುಗಳಿಗೆ ಮರ ಕಟ್ಟಿರುವುದು ನಿನಗೆ ಗೊತ್ತಿತ್ತೋ?"

"ಮರಾನಾ? ಯಾವ ಮರ ಟೀಚರ್?"

"ಮುಖ ಮೇಲೆತ್ತು."

ಎತ್ತಿದ. ಅಷ್ಟು ದೊಡ್ಡ ಮನುಷ್ಯನ ಹಣೆಯಲ್ಲಿ ಬೆವರು.

"ಬೋಲ್ಟು ನಾನೇ ಹಾಕಿದ್ದು. ಮರ ಮೇಷ್ಟ್ರಣ್ಣ ಮಾಡಿದ್ದು." ಟೀಚರ ಗಂಡನೆಂಬ ಒಂದೇ ಕಾರಣಕ್ಕೆ ಬೀದಿಯಲ್ಲಿ ನಮ್ಮವರನ್ನು ಹಾಗೆ ಕರೆಯುತ್ತಿದ್ದರು.

"ಯಾರಿಗಾಗಿ?"

"ಅದು... ಟೀಚರ್, ನಾನು ಹೇಳಿದೆ ಅಂತ ಹೇಳಬೇಡಿ."

"ಹೇಳು."

"ಚಿಕ್ಕಮ್ಮೋರು ಓಡಿಸ್ತಿದ್ರು. ನಿಮ್ಮ ತಂಗಿ."

ಅವನ ಪಿಸುಮಾತು ಬೀದಿಗೇ ಕೇಳಿಸಿರಬೇಕು. ಯಾವಾಗ, ಎಷ್ಟು ದಿನ ಎಂದೆ. "ನೀವು ಸ್ಕೂಲಿಗೆ ಹೋದಮೇಲೆ. ಡೆಲಿವರಿ ಪೂರ್ತಿ ಅವರದೇ. ವರ್ಷಗಟ್ಟಲೆ ಟೀಚರ್. ಏನ್ ಓಡಿಸೋರು ಅಂತೀರಿ, ರಿವರ್ಸಲ್ಲಿ ಗಲ್ಲಿಗೆ ಹಾಕಿದ್ರೆ ಎರಡೂ ಕಡೆ ಗೋಡೆಗೆ ಕೂದಲು ತಗಲ್ತಿರಲಿಲ್ಲ..." ನನ್ನ ಮುಖ ನೋಡಿ ನಿಲ್ಲಿಸಿದ.

"ಯಾರು ಯಾರಿಗೆ ಗೊತ್ತು?"

"ಯಾರಿಗೆ ಗೊತ್ತಿಲ್ಲ ಕೇಳಿ ಟೀಚರ್, ಅದು ಸುಲಭ."

ಏಕೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ಚಿಕ್ಕಮ್ಮೋರನ್ನೇ ಕೇಳಿ ಎಂದ. ದಿಮ್ಮಿಗಳನ್ನು ಬಿಚ್ಚಿಕೊಡೆಂದೆ. ಬಿಚ್ಚಿಕೊಟ್ಟ.

ಫೆಬ್ರವರಿ ೧೪, ಶುಕ್ರವಾರ

ಮನಸ್ಸಿಗೆ ಬಂದ ಪದವನ್ನು ಇಲ್ಲಿ ಬರೆಯಲಾರೆ.

ಫೆಬ್ರವರಿ ೧೬, ಭಾನುವಾರ

ತಂಗಿಯನ್ನು ಕರೆಸಿದೆ. ದಿಮ್ಮಿಗಳನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲೇ ಚಹಾ ಇಟ್ಟೆ. ಅವಳು ದಿಮ್ಮಿಗಳನ್ನು ನೋಡಿ, ಕೈಗೆತ್ತಿಕೊಂಡಿದ್ದ ಬಟ್ಟಲನ್ನು ಕೆಳಗಿಟ್ಟಳು.

"ಇವು ಯಾರವು?"

"ನನ್ನವು."

"ಎಂಜಿನ್ನು ಮುಂದಿರುತ್ತದೆಯೋ ಹಿಂದಿರುತ್ತದೆಯೋ, ಈಗ ತಿಳಿಯಿತೆ?"

ತಲೆ ತಗ್ಗಿಸಿದಳು. ಮೇಜಿನ ಹಾಸಿನ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ನನ್ನ ಎದುರು ಕೂತಾಗ ಅವಳ ಬಾಯಿಂದ ನಾಲ್ಕು ಮಾತು ಹೊರಡಿಸುವುದು ಮೊದಲಿನಿಂದಲೂ ಹರಸಾಹಸ.

"ನನ್ನ ಗಂಡ, ನನ್ನ ತಂಗಿ. ನಾನು ಮನೆ ಬಿಟ್ಟ ಮೇಲೆ ಒಂದೇ ವಾಹನದಲ್ಲಿ, ವರ್ಷಗಟ್ಟಲೆ. ಊರಿಗೆ ಊರೇ ನೋಡಿದೆ. ಇದಕ್ಕೆ ನಾನು ಏನೆಂದು ಅರ್ಥ ಮಾಡಿಕೊಳ್ಳಬೇಕು?"

ಆಗ ತಲೆ ಎತ್ತಿದಳು. "ಥೂ! ಏನಕ್ಕ ನೀನು? ಭಾವನ ಬಗ್ಗೆ ಹಾಗೆ ಯೋಚನೆ ಮಾಡಿದ್ಯಾ?" ಎಂದಳು. ಕಣ್ಣು ತುಂಬಿಕೊಂಡಿತ್ತು. "ಭಾವನಿಗೆ ಕಣ್ಣು ಕಾಣ್ತಿರಲಿಲ್ಲ."

ನಾನು ಮೇಜಿನ ಮೇಲಿದ್ದ ಒಂದು ದಿಮ್ಮಿಯನ್ನು ಮಗುಚಿಟ್ಟೆ.

"ಮೊದಲು ಅಕ್ಕಪಕ್ಕದ್ದು ಹೋಯ್ತು. ಕೊಳವೆಲಿ ನೋಡಿದ ಹಾಗೆ ನೇರಕ್ಕೆ ಮಾತ್ರ ಕಾಣೋದು ಅಂತಿದ್ರು. ಒಂದಿನ ಗಾಡಿ ತಿರುಗಿಸುವಾಗ ಸೈಕಲ್ಲಿನವನು ಕಾಣಲೇ ಇಲ್ಲ, ಕೂದಲೆಳೆಲಿ ತಪ್ಪಿತು. ಅವತ್ತೇ ಕೀ ತಂದು ನನ್ನ ಕೈಲಿಟ್ರು. ಅವರೇ ಕಲಿಸಿದ್ರು. ಲೈಸೆನ್ಸೂ ಮಾಡಿಸಿಕೊಟ್ರು. ಆಮೇಲಾಮೇಲೆ ಆ ಕೊಳವೆನೂ ಸಣ್ಣ ಆಗ್ತಾ ಬಂತು. ಮರದ ಕೆಲಸ ಮಾತ್ರ ಕೈಯಲ್ಲೇ ತಡವಿ ಮಾಡೋರು."

"ಅಕ್ಷರ?"

"ಏನು?"

"ಅಕ್ಷರ ಕಾಣುತ್ತಿತ್ತೇ ಎಂದು ಕೇಳಿದೆ."

"ಅದೂ ಹೋಗಿತ್ತಕ್ಕ, ಆ ಕೊಳವೆಲಿ ಒಂದು ಸಾಲೂ ಹಿಡಿಸ್ತಿರಲಿಲ್ಲ. ನೀನು ಹೆಡ್‌ಮಿಸ್ ಆದೆಯಲ್ಲ, ಆ ವರ್ಷವೇ."

ನನಗೆ ಹೇಳಬಾರದೆಂಬುದು ಯಾರ ತೀರ್ಮಾನ ಎಂದು ಕೇಳಿದೆ.

"ಭಾವಂದು. ನನ್ನಿಂದ ಮಾತು ತಗೊಂಡಿದ್ರು. ನೀನು ಯಾವ ತಪ್ಪು ಕಂಡ್ರೂ ತಿದ್ದದೆ ಬಿಡೋಳಲ್ಲ. ಇದನ್ನ ತಿದ್ದೋಕಾಗಲ್ಲ ಅಂತ ಡಾಕ್ಟ್ರು ಹೇಳಿಬಿಟ್ಟಿದ್ರು. 'ಅವಳು ನನ್ನ ನೋಡಿ ಪಾಪ ಅನ್ನೋ ದಿನ ಬರೋದು ಬೇಡ ಗುಬ್ಬಿ' ಅಂದ್ರು."

"ಅವರು ಕೇಳಿದರು, ನೀನು ಕೊಟ್ಟೆ. ನಿನ್ನನ್ನು ಸಾಕಿದವಳು ಯಾರು?"

"ನೀನೇ."

"ಎದ್ದು ಹೋಗು."

ಹೋದಳು. ಚಹಾ ಹಾಗೆಯೇ ಇತ್ತು.

ಫೆಬ್ರವರಿ ೧೭, ಸೋಮವಾರ

"ನಿನ್ನ ಬಾಯಲ್ಲಿ ಕೇಳೋದೇ ಚೆಂದ."

ಮತ್ತೇನು ಮಾಡಿಯಾರು? ಓದಲಾಗದವನಿಗೆ ಯಾರ ಬಾಯಾದರೇನು, ಚೆಂದವೇ. ಪತ್ರಿಕೆ ಹಂಚುವವನು ಓದಿದ್ದರೂ ಅದನ್ನೇ ಹೇಳುತ್ತಿದ್ದರು. ನಾನು ಗಂಟಲು ಸರಿಪಡಿಸಿಕೊಂಡು, ವಿರಾಮಚಿಹ್ನೆಗಳಿಗೆ ಗೌರವ ಕೊಟ್ಟು, ರಾತ್ರಿ ರಾತ್ರಿ ಓದಿದ್ದು ಪ್ರೀತಿಗಾಗಿ ಎಂದುಕೊಂಡಿದ್ದೆ. ಕುರುಡನಿಗೆ ಕೋಲು ಬೇಕಿತ್ತು, ಅಷ್ಟೆ.

ಕಾರ್ಖಾನೆಗೆ ಬೀಗ ಹಾಕಿದ್ದು ನನಗಾಗಿ ಅಲ್ಲ. ನಾನು ಮನೆಯಲ್ಲಿರತೊಡಗಿದರೆ ಯಾರು ಓಡಿಸುತ್ತಾರೆಂಬುದು ಕಣ್ಣಿಗೆ ಬೀಳುತ್ತಿತ್ತು, ಅದಕ್ಕಾಗಿ.

ಸಂಜೆ ತಿರುಗಾಡಲು ಹೋದಾಗ ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದರು. ಇಷ್ಟು ವಯಸ್ಸಾದ ಮೇಲೂ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಎದುರಿಗೆ ಸಿಕ್ಕ ಸಹೋದ್ಯೋಗಿಗಳು ನೋಡಲೆಂದು ನಿಧಾನವಾಗಿಯೂ ನಡೆಯುತ್ತಿದ್ದೆ. ಅದೂ ದಾರಿ ಕಾಣದ್ದಕ್ಕೆ.

ಎಷ್ಟು ಸಲ ನೀರಿನ ಲೋಟ ಉರುಳಿಸಿದರು, ಎಷ್ಟು ಸಲ ಹೊಸ್ತಿಲು ಎಡವಿದರು! "ಕಣ್ಣು ಎಲ್ಲಿಟ್ಟುಕೊಂಡಿದ್ದೀರಿ?" ಎಂದು ಕೇಳುತ್ತಿದ್ದೆ. "ಎಲ್ಲೋ ಬಿಟ್ಟುಬಂದೆ ಕಣೇ," ಎಂದು ನಗುತ್ತಿದ್ದರು. ನನ್ನ ಬಾಯಿಂದ ಬೈಯಿಸಿಕೊಂಡರೇ ಹೊರತು ಹೇಳಲಿಲ್ಲ. ನನ್ನಿಂದ ಆ ಮಾತು ಆಡಿಸಿದರಲ್ಲ, ಅದನ್ನು ಯಾವ ಲೆಕ್ಕಕ್ಕೆ ಬರೆಯಲಿ? ಮೋಸ ಮಾಡಿದವರು ಅವರು; ಈಗ ಈ ಮನೆಯಲ್ಲಿ ತಪ್ಪು ಮಾಡಿದವಳಂತೆ ಓಡಾಡುತ್ತಿರುವವಳು ನಾನು.

ನಂಬಿದ್ದ ಮೂರು ಸುಖಗಳೂ ಒಂದೇ ವಾರದಲ್ಲಿ ಹೋದವು. ವಾಹನ ಗುಜರಿಗೆ. ಇದರಲ್ಲಿ ಬದಲಾವಣೆಯಿಲ್ಲ.

ಫೆಬ್ರವರಿ ೨೧, ಶುಕ್ರವಾರ

ಗುಜರಿಯವನು ಬಂದು ನೋಡಿ ಹೋದ. ಕಡ್ಡಿಯಂತಹ ಮನುಷ್ಯ. ವಾಹನದ ಸುತ್ತ ಒಂದು ಸುತ್ತು ಬಂದು, ಮುಖ ಹಿಂಡಿಕೊಂಡು, "ಪಾಪ," ಎಂದ. ಯಾರಿಗೆ ಹೇಳಿದನೋ. ಕ್ರೇನ್ ತಂದು ಎತ್ತಿಸಿಕೊಂಡು ಹೋಗುತ್ತಾನಂತೆ.

ಹೊರಗೆ ಬೇಲಿಯ ಬಳಿ ತಂಗಿ ನಿಂತಿದ್ದಳು. ಒಳಗೆ ಬರಲು ಧೈರ್ಯವಿಲ್ಲ. ಮೆಕ್ಯಾನಿಕ್ ಕೂಡ ಅವಳ ಜೊತೆಗಿದ್ದ. ಬೀದಿಗೆ ಬೀದಿಯೇ ಒಂದು ಪಕ್ಷ, ನಾನೊಬ್ಬಳೇ ಒಂದು ಪಕ್ಷ.

"ಅಕ್ಕ, ಕೊಡಬೇಡ," ಎಂದಳು.

"ತುಕ್ಕು ಹಿಡಿದ ತಗಡು ಎಂದವಳು ನೀನು."

"ನಿನಗೆ ಗೊತ್ತಾಗಬಾರದು ಅಂತ ಅಂದೆ. ಈಗ ಗೊತ್ತಾಯ್ತಲ್ಲ."

"ಆದ್ದರಿಂದಲೇ ಕೊಡುತ್ತಿದ್ದೇನೆ."

ಮೆಕ್ಯಾನಿಕ್ ನಡುವೆ ಬಾಯಿ ಹಾಕಿದ. "ಟೀಚರ್, ಎಂಜಿನ್ನು ಸ್ಟಾರ್ಟ್ ಆಗ್ತಿದೆ. ನೀವು ಬೇಡ ಅನ್ನೋ ಮೊದಲೇ ವೈರಿಂಗೂ ಬ್ರೇಕೂ ಮುಗಿಸಿಬಿಟ್ಟೆ. ಹೇಳಿದ ಕೆಲಸ ಹೊತ್ತಿಗೆ ಮುಂಚೆ ಮುಗಿಸಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು, ಅದಕ್ಕೂ ಬೈಸ್ಕೋಬೇಕು ನೋಡಿ."

ನಾನು ಜಗ್ಗಲಿಲ್ಲ. ಆಗ ತಂಗಿ ಬೇಲಿಯ ಸರಳು ಹಿಡಿದುಕೊಂಡು, "ಹೋಗಲಿ. ಕ್ರೇನಿಗೆ ನೇತುಹಾಕ್ಕೊಂಡು ಊರಲ್ಲೆಲ್ಲ ಮೆರವಣಿಗೆ ಬೇಡ. ಅದು ತನ್ನ ಕಾಲ ಮೇಲೆ ಹೋಗಲಿ. ಗುಜರಿವರೆಗೂ ನಾನೇ ಬಿಟ್ಟುಬರ್ತೀನಿ," ಎಂದಳು.

ಒಪ್ಪಿದೆ. ಒಂದು ಷರತ್ತು: ನಾನೂ ಕೂತು ಹೋಗುತ್ತೇನೆ. ಅಲ್ಲಿಗೆ ತಲುಪಿತೆಂಬುದನ್ನು ನನ್ನ ಕಣ್ಣಿನಿಂದ ನೋಡಬೇಕು. ಈ ಇಬ್ಬರ ಮಾತನ್ನು ಇನ್ನು ಮುಂದೆ ನಾನು ನಂಬುವವಳಲ್ಲ.

ಮಾರ್ಚ್ ೨, ಭಾನುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮೆಕ್ಯಾನಿಕ್ ದಿಮ್ಮಿಗಳನ್ನು ಮತ್ತೆ ಬಿಗಿದ. ತಂಗಿ ಹತ್ತಿ ಕೂತಳು, ಒಂದು ಸಲವೂ ಕೆಳಗೆ ನೋಡದೆ ಕಾಲಿಟ್ಟಳು, ಗೇರು ಹಾಕಿದಳು. ಅಷ್ಟು ದೊಡ್ಡ ಗಾಡಿ ಶೆಡ್ಡಿನ ಬಾಗಿಲಿನಿಂದ ಹಿಂದುಹಿಂದಾಗಿ ನೂಲು ಹಿಡಿದಂತೆ ಹೊರಬಂತು. ನಾನು ಪಕ್ಕದಲ್ಲಿ ಕೂತೆ. ಸೀಟು ಮುಂದಿದ್ದುದರಿಂದ ಕಾಲು ಮಡಚಿಯೇ ಕೂರಬೇಕಾಯಿತು. ಮೊಣಕಾಲು ತಗಲುವಲ್ಲಿ ಮುಂದಿನ ತಗಡಿನ ಬಣ್ಣ ಎರಡು ಕಡೆ ಸವೆದು ಹೋಗಿ, ಬಟ್ಟಲಿನ ತಳದಂತೆ ನುಣುಪಾಗಿತ್ತು. ಇನ್ನೊಬ್ಬರ ಮೊಣಕಾಲು ಅಲ್ಲಿ ಎಷ್ಟು ಕಾಲ ಇದ್ದಿರಬೇಕು. ನನ್ನದನ್ನು ಅಲ್ಲಿಂದ ಸರಿಸಲು ನೋಡಿದೆ, ಬೇರೆ ಜಾಗವಿರಲಿಲ್ಲ.

ತಿರುವಿನ ದಿನಸಿ ಅಂಗಡಿಯಾಕೆ ತಂಗಿಗೆ ಕೈ ಎತ್ತಿದವಳು, ನನ್ನನ್ನು ಕಂಡು ಎತ್ತಿದ ಕೈಯಿಂದ ತಲೆ ಕೆರೆದುಕೊಂಡಳು. ದೊಡ್ಡ ರಸ್ತೆಗೆ ಬಂದೆವು.

"ಭಾವ ಅಲ್ಲಿ ಕೂತು ನಿನ್ನ ಹಾಗೇ ಓದೋರು," ಎಂದಳು. ಕಣ್ಣು ರಸ್ತೆಯ ಮೇಲಿತ್ತು.

"ಏನನ್ನು?"

"ಹಿಂದಿನ ದಿನ ರಾತ್ರಿ ನೀನು ಓದಿದ್ದನ್ನ. ಪೂರ್ತಿ ಬಾಯಿಪಾಠ. ನಿನ್ನ ಹಾಗೇ ಗಂಟಲು ಸರಿ ಮಾಡ್ಕೊಂಡು, ಪುಟ ತಿರುಗಿಸೋ ಹಾಗೆ ಗಾಳಿಲಿ ಬೆರಳು ಆಡಿಸಿ..."

"ಅಣಕಿಸುತ್ತಿದ್ದರು."

"ಅಣಕಾನೇ ಮತ್ತೆ! 'ಪೂರ್ಣವಿರಾಮ ಬಂತು ಗುಬ್ಬಿ, ನಿಮ್ಮಕ್ಕ ಉಸಿರು ತಗೋತಾಳೆ, ನೀನೂ ಬ್ರೇಕ್ ಹಾಕು' ಅನ್ನೋರು. ನಕ್ಕೂ ನಕ್ಕೂ ಒಂದ್ಸಲ ಚಕ್ರ ಮೋರಿಗೆ ಇಳಿಸಿದ್ದೀನಿ. ಕಪಾಟಿನ ಕನ್ನಡಿ ಒಡೆದುಹೋಯ್ತು."

ಹಾಗಾದರೆ ಈ ಗಾಡಿಯಲ್ಲಿ ಕೂತು ಇಬ್ಬರೂ ನನ್ನನ್ನು ನೋಡಿ ನಗುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿದೆ. ಇಳಿದು ನಡೆದೇ ಹೋಗೋಣವೆನಿಸಿತು. ಅವಳು ಗೇರು ಬದಲಿಸಿ, ಲಾರಿಯೊಂದನ್ನು ಹಿಂದೆ ಹಾಕಿ, ಅದೇ ದನಿಯಲ್ಲಿ ಮುಂದುವರಿಸಿದಳು.

"ನಕ್ಕಾದ ಮೇಲೆ ಸುಮ್ಮನಾಗಿಬಿಡೋರು. 'ಇವತ್ತು ರಾತ್ರಿ ಮುಂದಿನದು ಓದ್ತಾಳೆ' ಅನ್ನೋರು. ಅಲ್ಲಿವರೆಗೂ ನಂಗೂ ತಡೀತಿರಲಿಲ್ಲ. ಆ ಕಾದಂಬರಿ ಇತ್ತಲ್ಲ, ಕಾಣೆಯಾದ ಹುಡುಗೀದು? ಅದರ ಕೊನೆ ಅಧ್ಯಾಯದ ದಿನ ನಿಂಗೆ ಜ್ವರ ಬಂತು, ನೆನಪಿದೆಯಾ? ಭಾವ ಪುಸ್ತಕಾನ ಗಾಡಿಗೆ ತಂದು ನನ್ನ ಕೈಲಿ ಕೊಟ್ಟು, 'ನೀನೇ ಓದಿಬಿಡು' ಅಂದ್ರು. ಎರಡು ಸಾಲು ಓದಿದೆ. 'ಬೇಡ ಬಿಡು, ಜ್ವರ ಬಿಡ್ಲಿ, ಕಾಯ್ತೀನಿ' ಅಂತ ಕಿತ್ಕೊಂಡ್ರು."

ಆ ಜ್ವರ ಎರಡು ವಾರ ಬಿಟ್ಟಿರಲಿಲ್ಲ.

"ನಿನ್ನ ಓದು ಚೆನ್ನಾಗಿಲ್ಲದ್ದಕ್ಕೆ ಇರಬಹುದು," ಎಂದೆ.

"ಇರಬಹುದಕ್ಕ, ಯಾರಿಗೆ ಗೊತ್ತು? ನಾನು ಓದಿದ್ರೆ ಸಂತೆ ವ್ಯಾಪಾರದ ಹಾಗಿರುತ್ತೆ ಅಂತ ಅಂದಿದ್ದಂತೂ ನಿಜ," ಎಂದು ಒಬ್ಬಳೇ ನಕ್ಕಳು. ಇಷ್ಟು ವರ್ಷಗಳಲ್ಲಿ ಗುಬ್ಬಿ ನನ್ನ ಮುಂದೆ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈ ಸ್ಟೀರಿಂಗಿನ ಮೇಲೆ, ಕಣ್ಣು ದೂರದಲ್ಲಿ. ಮಾತು ತಾನಾಗಿಯೇ ಹರಿಯುತ್ತಿತ್ತು. ಕಣ್ಣಿನ ವೈದ್ಯರ ಬಳಿಗೆ ಮೊದಲ ಸಲ ಹೋದದ್ದನ್ನು ಹೇಳಲು ಶುರುಮಾಡಿದಳು. ನನ್ನ ಶಾಲೆಯ ಮುಂದಿನ ರಸ್ತೆಯಲ್ಲೇ ಹೋದರಂತೆ. ಗೇಟಿನ ಹತ್ತಿರ ಗಾಡಿ ನಿಧಾನ ಮಾಡು ಎಂದರಂತೆ. ಒಳಗಿನಿಂದ ನನ್ನ ಪಾಠದ ದನಿ ಕೇಳುತ್ತಿತ್ತಂತೆ. "ಆಗ ಭಾವ ನನ್ನ ಕಡೆ ತಿರುಗಿ..."

ಅಷ್ಟರಲ್ಲಿ ಗುಜರಿಯ ಗೇಟು ಬಂತು. ಗಾಡಿ ನಿಲ್ಲಿಸಿದಳು. ಎಂಜಿನ್ನು ಆರಿಸಿದಳು.

"ತಿರುಗಿ?"

ಅವಳು ನನ್ನ ಮುಖ ನೋಡಿದಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು.

"ಏನಿಲ್ಲಕ್ಕ."

"ಏನು ಹೇಳಿದರು?"

"ನೆನಪಿಲ್ಲ. ಇಳೀತೀಯಾ?"

ನೆನಪಿಲ್ಲದೆ ಏನು? ಅದೇ ತಗ್ಗಿಸಿದ ತಲೆ, ಅದೇ ಬಾಯಿ ಬಿಡದ ಮೊಂಡುತನ. ನನ್ನ ಮನೆಯ ಮೇಜಿನ ಮುಂದೆ ಕೂತ ತಂಗಿ ಮತ್ತೆ ಬಂದಿದ್ದಳು. ಗುಜರಿಯವನು ಗೇಟು ತೆಗೆದು, "ಬನ್ನಿ ಟೀಚರ್, ಸೀದಾ ಒಳಗೆ ಬಿಡಿ, ಎಡಗಡೆ ರಾಶಿ ಪಕ್ಕ," ಎಂದು ಕೈ ಬೀಸಿದ. ಎಡಗಡೆ ಬಾಗಿಲಿಲ್ಲದ ಕಾರುಗಳು ಒಂದರ ಮೇಲೊಂದು ಮಲಗಿದ್ದವು.

"ಗಾಡಿ ಸ್ಟಾರ್ಟ್ ಮಾಡು," ಎಂದೆ.

"ಒಳಗಾ?"

"ಮುಂದಕ್ಕೆ. ರಸ್ತೆ ಇರುವಷ್ಟು ದೂರ."

ಗುಜರಿಯವನು ಬೀಸುತ್ತಿದ್ದ ಕೈ ಹಾಗೆಯೇ ನಿಂತಿತ್ತು. ಕನ್ನಡಿಯಲ್ಲಿ ಬಹಳ ದೂರದವರೆಗೂ ಕಾಣುತ್ತಿತ್ತು.

ಮಾರ್ಚ್ ೯, ಭಾನುವಾರ

ಶೆಡ್ಡಿಗೆ ಹೊಸ ಶೀಟು ಬಂದಿದೆ. ಶೀಟು ಹಾಕುವವನು ಎರಡು ಕಡೆ ಮೊಳೆ ವಾರೆ ಹೊಡೆದಿದ್ದ. ಬಿಚ್ಚಿಸಿ ಮತ್ತೆ ಹೊಡೆಸಿದೆ.

ಮೆಕ್ಯಾನಿಕ್‌ಗೆ ಪೂರ್ತಿ ರಿಪೇರಿ ಮಾಡಲು ಹೇಳಿದ್ದೇನೆ. ಟಿಂಕರಿಂಗ್, ಬಣ್ಣ, ರೇಡಿಯೇಟರ್, ಎಲ್ಲವೂ. "ಏನಿಲ್ಲಾಂದ್ರೂ ಆರು ತಿಂಗಳು ಬಿಚ್ಚಿಡಬೇಕು ಟೀಚರ್," ಎಂದ. ಆಗದು, ಭಾನುವಾರ ಬೆಳಿಗ್ಗೆ ನನಗೆ ಗಾಡಿ ಬೇಕು ಎಂದೆ.

"ಯಾವ ಭಾನುವಾರ?"

"ಪ್ರತಿ ಭಾನುವಾರ. ಸೋಮವಾರ ಬಿಚ್ಚು, ಶನಿವಾರ ಜೋಡಿಸು."

"ಟೀಚರ್, ಇದು ಗಾಡಿ ರಿಪೇರಿನಾ, ಹೋಮ್‌ವರ್ಕಾ?"

ಸೀಟನ್ನು ಹಿಂದೆ ಸರಿಯುವಂತೆ ಮಾಡಿಕೊಡಲೇ ಎಂದು ಕೇಳಿದ. ಬೇಡ, ಅದು ಇದ್ದಲ್ಲೇ ಇರಲಿ ಎಂದೆ.

ಇದನ್ನು ಕ್ಷಮೆಯೆಂದು ಯಾರೂ ತಿಳಿಯಬಾರದು. ಗುಬ್ಬಿಗೂ ಸ್ಪಷ್ಟವಾಗಿ ಹೇಳಿದ್ದೇನೆ. "ಆಯ್ತಕ್ಕ," ಎಂದಳು, ಇಂದು ಒಂಬತ್ತಕ್ಕೆ ಸರಿಯಾಗಿ ಬಂದು ಹಾರ್ನು ಹೊಡೆದಳು. ಅವರಿಬ್ಬರೂ ಸೇರಿ ನನ್ನಿಂದ ಬಚ್ಚಿಟ್ಟ ಅಷ್ಟು ವರ್ಷಗಳು ಅವಳ ಹತ್ತಿರ ಇವೆ. ಮನೆಯಲ್ಲಿ ಕೂರಿಸಿ ಕೇಳಿದರೆ ಹೊರಡುವುದಿಲ್ಲ, ನಾಲ್ಕನೇ ಗೇರಿಗೆ ಬಂದ ಮೇಲೆಯೇ ಹೊರಡುತ್ತವೆ. ನನಗೆ ಬೇರೆ ದಾರಿಯಿಲ್ಲ.

ಗೇಟಿನ ಹತ್ತಿರ ತಿರುಗಿ ಏನು ಹೇಳಿದರೆಂಬುದು ಇಂದು ತಿಳಿಯಿತು. ಅದನ್ನು ಬರೆಯುವುದಿಲ್ಲ.

ಗುಬ್ಬಿ ಹೇಳುತ್ತಿರುವ ಕಥೆಯಲ್ಲಿ, ಅಲ್ಲಿಂದ ಹೊರಟು ಇಬ್ಬರೂ ವೈದ್ಯರ ಬಾಗಿಲ ತನಕ ಬಂದಿದ್ದಾರೆ. ಹೆಸರು ಕೂಗಿದ್ದಾರೆ. ಭಾವ ಎದ್ದು ನಿಂತು, ಬಾಗಿಲಿಗೆ ತಲೆ ತಗಲೀತೆಂದು ಕೈ ಮುಂದೆ ಚಾಚಿದರು ಎನ್ನುವಷ್ಟರಲ್ಲಿ ನಮ್ಮ ಬೀದಿ ಬಂತು, ಗುಬ್ಬಿ ಎಂಜಿನ್ನು ಆರಿಸಿಬಿಟ್ಟಳು. ಮುಂದಿನ ಭಾನುವಾರ ಅವರ ಜೊತೆ ನಾನೂ ಒಳಗೆ ಹೋಗುತ್ತೇನೆ.